ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಶರೀರದಲ್ಲಿ ಹರಡುವ ಬಗೆ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಇತರ ಅನೇಕ ಕ್ಯಾನ್ಸರ್‌ಗಳಿಗೆ ಹೋಲಿಸಿದಲ್ಲಿ ಕಡಿಮೆ ಜನರಲ್ಲಿ ಕಂಡುಬರುವ, ಆದರೆ ಹೆಚ್ಚು ಪ್ರಾಣಹಾನಿ ಉಂಟುಮಾಡುವ ರೋಗವಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಲ್ಲಿ ಈ ರೋಗವು ಹೊಸದಾಗಿ ಪತ್ತೆಯಾಗಿದ್ದು, ಅದೇ ವರ್ಷ ಸುಮಾರು 4.67 ಲಕ್ಷ ಜನರು ಇದರಿಂದ ಮೃತಪಟ್ಟಿದ್ದಾರೆ. ಈ ಎರಡು ಸಂಖ್ಯೆಗಳು ಒಂದಕ್ಕೊಂದು ಸಮೀಪವಿರುವುದೇ ರೋಗದ ತೀವ್ರತೆಯನ್ನು ತೋರಿಸುತ್ತದೆ. ಇದಕ್ಕೆ ಮುಖ್ಯ ಕಾರಣವೆಂದರೆ, ರೋಗವು ಪತ್ತೆಯಾಗುವ ವೇಳೆಗೆ ಬಹುಪಾಲು ರೋಗಿಗಳಲ್ಲಿ ಅದು ಗ್ರಂಥಿಯ ಎಲ್ಲೆಯನ್ನು ದಾಟಿರುತ್ತದೆ. ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮೊದಲ ತಪಾಸಣೆಯ ಸಮಯದಲ್ಲಿಯೇ ಯಕೃತ್ತು ಮೊದಲಾದ ದೂರದ ಅಂಗಗಳಿಗೆ ರೋಗ ತಲುಪಿರುತ್ತದೆ.

ರೋಗಿಗೆ ಯಾವ ಚಿಕಿತ್ಸೆ ಸಾಧ್ಯ, ಶಸ್ತ್ರಚಿಕಿತ್ಸೆ ಮಾಡಬಹುದೇ ಇಲ್ಲವೇ ಎಂಬ ತೀರ್ಮಾನಗಳು ರೋಗವು ಎಲ್ಲಿಯವರೆಗೆ ಹರಡಿದೆ ಎಂಬುದನ್ನೇ ಅವಲಂಬಿಸಿವೆ. ಆದುದರಿಂದ ರೋಗಿಗಳು, ಅವರ ಕುಟುಂಬದವರು ಹಾಗೂ ಚಿಕಿತ್ಸಾ ನೆರವನ್ನು ಕೋರುವ ನಾಗರಿಕರು ವೈದ್ಯರು ನೀಡುವ ವರದಿಗಳನ್ನು ಅರ್ಥಮಾಡಿಕೊಳ್ಳಲು ಅನುಕೂಲವಾಗುವಂತೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

2. ಗ್ರಂಥಿಯ ಸ್ಥಾನ ಮತ್ತು ಕಾರ್ಯ

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಯ ಮುಂದೆ, ಅಡ್ಡಲಾಗಿ ಇರುವ ಸುಮಾರು 15 ಸೆಂ.ಮೀ. ಉದ್ದದ ಮೃದುವಾದ ಅಂಗ. ಇದಕ್ಕೆ ತಲೆ, ಕುತ್ತಿಗೆ, ನಡುಭಾಗ ಮತ್ತು ಬಾಲ ಎಂಬ ಭಾಗಗಳಿವೆ. ಬಲಭಾಗದಲ್ಲಿರುವ ತಲೆಯು ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಂನ ಬಾಗಿನಲ್ಲಿ ಕುಳಿತಿದ್ದರೆ, ಎಡಭಾಗದಲ್ಲಿರುವ ಬಾಲವು ಗುಲ್ಮದವರೆಗೆ ಚಾಚಿಕೊಂಡಿದೆ.

ಈ ಗ್ರಂಥಿಯು ಎರಡು ಕಾರ್ಯಗಳನ್ನು ನಿರ್ವಹಿಸುತ್ತದೆ. ಆಹಾರವನ್ನು ಜೀರ್ಣಗೊಳಿಸುವ ಕಿಣ್ವಗಳನ್ನು ತಯಾರಿಸಿ ನಾಳದ ಮೂಲಕ ಕರುಳಿಗೆ ಕಳುಹಿಸುವುದು ಮೊದಲನೆಯದು. ರಕ್ತದ ಸಕ್ಕರೆಯನ್ನು ನಿಯಂತ್ರಿಸುವ ಇನ್ಸುಲಿನ್ ಮುಂತಾದ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದು ಎರಡನೆಯದು. ಮೇದೋಜೀರಕದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 90ರಷ್ಟು ಕಿಣ್ವಗಳು ಹರಿಯುವ ನಾಳಗಳ ಒಳಪದರದಲ್ಲಿ ಹುಟ್ಟುತ್ತವೆ. ಹಾರ್ಮೋನು ತಯಾರಿಸುವ ಜೀವಕೋಶಗಳಲ್ಲಿ ಹುಟ್ಟುವ ಗೆಡ್ಡೆಗಳು ವಿರಳ. ಅವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ ಮತ್ತು ಅವುಗಳ ಚಿಕಿತ್ಸೆಯೂ ಬೇರೆ. ಈ ಲೇಖನವು ನಾಳಗಳಲ್ಲಿ ಹುಟ್ಟುವ ಸಾಮಾನ್ಯ ಬಗೆಗೆ ಮಾತ್ರ ಸಂಬಂಧಿಸಿದೆ.

ರೋಗವು ಹರಡುವ ಬಗೆಯನ್ನು ತಿಳಿಯಲು ಈ ಗ್ರಂಥಿಯ ನೆರೆಹೊರೆಯನ್ನು ತಿಳಿಯುವುದು ಅವಶ್ಯಕ. ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ಪಿತ್ತನಾಳವು ಗ್ರಂಥಿಯ ತಲೆಯ ಮೂಲಕವೇ ಹಾದುಹೋಗುತ್ತದೆ. ಕರುಳಿನಿಂದ ಹಾಗೂ ಗುಲ್ಮದಿಂದ ಬರುವ ಎರಡು ದೊಡ್ಡ ಅಭಿಧಮನಿಗಳು ಗ್ರಂಥಿಯ ಕುತ್ತಿಗೆಯ ಹಿಂದೆಯೇ ಕೂಡಿಕೊಂಡು ಪೋರ್ಟಲ್ ಅಭಿಧಮನಿಯಾಗಿ ಯಕೃತ್ತಿಗೆ ಹೋಗುತ್ತವೆ. ಕರುಳು, ಯಕೃತ್ತು ಮತ್ತು ಗುಲ್ಮಗಳಿಗೆ ರಕ್ತವನ್ನು ಒಯ್ಯುವ ಪ್ರಮುಖ ಅಪಧಮನಿಗಳೂ ಇದಕ್ಕೆ ಅಂಟಿಕೊಂಡಂತೆಯೇ ಇವೆ. ಅವುಗಳ ಸುತ್ತ ನರಗಳ ದಟ್ಟವಾದ ಬಲೆ ಇದೆ. ಹೀಗಾಗಿ ಗೆಡ್ಡೆಯು ಕೆಲವೇ ಮಿಲಿಮೀಟರುಗಳಷ್ಟು ಬೆಳೆದರೂ ಅದು ಒಂದು ಮುಖ್ಯ ರಕ್ತನಾಳವನ್ನೋ ನರವನ್ನೋ ಮುಟ್ಟುವ ಸಂಭವವಿರುತ್ತದೆ.

3. ರೋಗದ ಆರಂಭ

ನಾಳದ ಒಳಪದರದ ಜೀವಕೋಶಗಳ ವಂಶವಾಹಿಗಳಲ್ಲಿ ಬದಲಾವಣೆಗಳು ಒಂದೊಂದಾಗಿ ಸೇರುತ್ತಾ ಹೋದಂತೆ ಕ್ಯಾನ್ಸರ್ ರೂಪುಗೊಳ್ಳುತ್ತದೆ. ಕೆ-ರಾಸ್ ಎಂಬ ವಂಶವಾಹಿಯ ಬದಲಾವಣೆಯು ಶೇ. 90ಕ್ಕೂ ಹೆಚ್ಚು ರೋಗಿಗಳಲ್ಲಿ ಕಂಡುಬರುತ್ತದೆ. ಇದು ಜೀವಕೋಶಕ್ಕೆ ಎಡೆಬಿಡದೆ ವಿಭಜನೆಗೊಳ್ಳುವ ಸೂಚನೆಯನ್ನು ನೀಡುತ್ತದೆ. ನಂತರದ ಹಂತಗಳಲ್ಲಿ ಇಂತಹ ಬೆಳವಣಿಗೆಯನ್ನು ತಡೆಯುವ ಇತರ ವಂಶವಾಹಿಗಳು ತಮ್ಮ ಕೆಲಸವನ್ನು ನಿಲ್ಲಿಸುತ್ತವೆ.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ, ಈ ರೋಗದಿಂದ ಮೃತಪಟ್ಟ ಏಳು ಮಂದಿಯ ಗೆಡ್ಡೆಗಳ ವಂಶವಾಹಿಗಳನ್ನು ಹೋಲಿಸಿ ಒಂದು ಅಂದಾಜನ್ನು ಪ್ರಕಟಿಸಿದರು. ಅದರಂತೆ ಮೊದಲ ಬದಲಾವಣೆಯಿಂದ ಕ್ಯಾನ್ಸರ್ ಜೀವಕೋಶ ರೂಪುಗೊಳ್ಳಲು ಕನಿಷ್ಠ 10 ವರ್ಷ, ಆ ಜೀವಕೋಶದ ಸಂತತಿಗೆ ದೂರದ ಅಂಗಗಳಿಗೆ ಹರಡುವ ಶಕ್ತಿ ಬರಲು ಮತ್ತೆ ಕನಿಷ್ಠ 5 ವರ್ಷ ಬೇಕಾಗುತ್ತದೆ. ಆನಂತರ ಸರಾಸರಿ 2 ವರ್ಷಗಳಲ್ಲಿ ರೋಗಿಯ ಮರಣ ಸಂಭವಿಸುತ್ತದೆ. ಕೆಲವರಲ್ಲಿ ಈ ಬದಲಾವಣೆಗಳು ಒಮ್ಮೆಲೇ ಉಂಟಾಗಿ ರೋಗವು ವೇಗವಾಗಿ ಮುಂದುವರಿಯಬಹುದೆಂದು 2016ರ ಮತ್ತೊಂದು ಅಧ್ಯಯನವು ತೋರಿಸಿದೆ. ದೀರ್ಘಕಾಲ ಸದ್ದಿಲ್ಲದೆ ಬೆಳೆಯುವ ರೋಗವು ಕೊನೆಯ ಅಲ್ಪಾವಧಿಯಲ್ಲಿ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತದೆ ಎಂಬುದು ಇದರಿಂದ ತಿಳಿದುಬರುತ್ತದೆ.

4. ರೋಗವು ಹರಡುವ ಮಾರ್ಗಗಳು

ಮೇದೋಜೀರಕದ ಕ್ಯಾನ್ಸರ್ ಮುಖ್ಯವಾಗಿ ಐದು ಮಾರ್ಗಗಳಲ್ಲಿ ಹರಡುತ್ತದೆ. ಒಬ್ಬನೇ ರೋಗಿಯಲ್ಲಿ ಒಂದಕ್ಕಿಂತ ಹೆಚ್ಚು ಮಾರ್ಗಗಳು ಏಕಕಾಲದಲ್ಲಿ ಇರಬಹುದು.

(ಅ) ನೆರೆಯ ಅಂಗಗಳಿಗೆ ನೇರವಾಗಿ: ಮೇದೋಜೀರಕಕ್ಕೆ ಗಟ್ಟಿಯಾದ ಹೊರಕವಚವಿಲ್ಲ. ಆದುದರಿಂದ ಗೆಡ್ಡೆಯು ಬೆಳೆದಂತೆ ಸುತ್ತಲಿನ ಕೊಬ್ಬು, ಪಿತ್ತನಾಳ, ಡುಯೋಡಿನಂ, ಜಠರ ಅಥವಾ ಗುಲ್ಮವನ್ನು ನೇರವಾಗಿ ಪ್ರವೇಶಿಸುತ್ತದೆ. ತಲೆಯ ಭಾಗದ ಗೆಡ್ಡೆಯು ಪಿತ್ತನಾಳವನ್ನು ಒತ್ತಿದಾಗ ಪಿತ್ತರಸವು ಹಿಂದಕ್ಕೆ ಸರಿದು ರಕ್ತಕ್ಕೆ ಸೇರಿ ಕಾಮಾಲೆ ಉಂಟಾಗುತ್ತದೆ. ಡುಯೋಡಿನಂ ಕಿರಿದಾದಲ್ಲಿ ತಿಂದ ಆಹಾರ ಮುಂದೆ ಸಾಗದೆ ವಾಂತಿಯಾಗುತ್ತದೆ.

(ಆ) ನರಗಳ ಗುಂಟ: ಕ್ಯಾನ್ಸರ್ ಜೀವಕೋಶಗಳು ನರಗಳ ಸುತ್ತಲಿನ ಪೊರೆಯೊಳಗೆ ನುಸುಳಿ ಅದರ ಗುಂಟ ಸಾಗುವುದು ಈ ರೋಗದ ವಿಶೇಷ ಲಕ್ಷಣವಾಗಿದ್ದು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳ ಪರೀಕ್ಷೆಯಲ್ಲಿ ಬಹುಪಾಲು ಪ್ರಕರಣಗಳಲ್ಲಿ ಕಂಡುಬರುತ್ತದೆ. ಮೇಲುಹೊಟ್ಟೆಯಿಂದ ಬೆನ್ನಿಗೆ ಹಾಯುವ, ಮಲಗಿದಾಗ ಹೆಚ್ಚಾಗಿ ಮುಂದಕ್ಕೆ ಬಾಗಿ ಕುಳಿತಾಗ ಸ್ವಲ್ಪ ಕಡಿಮೆಯಾಗುವ ನೋವಿಗೆ ಇದು ಒಂದು ಮುಖ್ಯ ಕಾರಣ. ಗೆಡ್ಡೆಯನ್ನು ಪೂರ್ಣವಾಗಿ ತೆಗೆದ ನಂತರವೂ ಅದೇ ಸ್ಥಳದಲ್ಲಿ ರೋಗ ಮರುಕಳಿಸುವುದಕ್ಕೂ ಇದು ಕಾರಣವಾಗುತ್ತದೆ.

(ಇ) ದುಗ್ಧರಸದ ಮೂಲಕ: ಅಂಗಾಂಶಗಳಿಂದ ಹೊರಬರುವ ದ್ರವವನ್ನು ಸಂಗ್ರಹಿಸಿ ರಕ್ತಕ್ಕೆ ಮರಳಿಸುವ ಸೂಕ್ಷ್ಮ ನಾಳಗಳೇ ದುಗ್ಧನಾಳಗಳು. ಈ ನಾಳಗಳ ಮಾರ್ಗದಲ್ಲಿ ಅವರೆಕಾಳಿನಂತಹ ಚಿಕ್ಕ ದುಗ್ಧಗ್ರಂಥಿಗಳು ಇರುತ್ತವೆ. ಗೆಡ್ಡೆಯಿಂದ ಬಿಡಿಬಿಡಿಯಾದ ಜೀವಕೋಶಗಳು ಮೊದಲು ಮೇದೋಜೀರಕದ ಪಕ್ಕದ ದುಗ್ಧಗ್ರಂಥಿಗಳಿಗೂ, ನಂತರ ಮುಖ್ಯ ಅಪಧಮನಿಗಳ ಸುತ್ತಲಿನ ಗ್ರಂಥಿಗಳಿಗೂ ತಲುಪುತ್ತವೆ. ಕೆಲವೊಮ್ಮೆ ಎಡಗಡೆಯ ಕೊರಳೆಲುಬಿನ ಮೇಲೆ ಗಟ್ಟಿಯಾದ ಗಂಟು ಕಾಣಿಸಿಕೊಳ್ಳುತ್ತದೆ. ಹೊಟ್ಟೆಯ ದುಗ್ಧರಸವನ್ನು ಒಯ್ಯುವ ದೊಡ್ಡ ನಾಳವು ಆ ಭಾಗದಲ್ಲಿ ರಕ್ತನಾಳವನ್ನು ಸೇರುವುದೇ ಇದಕ್ಕೆ ಕಾರಣ.

(ಈ) ರಕ್ತದ ಮೂಲಕ: ಅಭಿಧಮನಿಗಳ ಗೋಡೆಯನ್ನು ಭೇದಿಸಿದ ಜೀವಕೋಶಗಳು ರಕ್ತದೊಂದಿಗೆ ಸಾಗುತ್ತವೆ. ಮೇದೋಜೀರಕದಿಂದ ಹೊರಡುವ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತನ್ನೇ ಸೇರುತ್ತದೆ. ಯಕೃತ್ತಿಗೆ ದೊರೆಯುವ ರಕ್ತದಲ್ಲಿ ಸುಮಾರು ನಾಲ್ಕನೇ ಮೂರು ಭಾಗ ಈ ಅಭಿಧಮನಿಯಿಂದಲೇ ಬರುತ್ತದೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಜರಡಿಯಂತೆ ಇರುವುದರಿಂದ ಕ್ಯಾನ್ಸರ್ ಜೀವಕೋಶಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಯಕೃತ್ತನ್ನು ದಾಟಿದವು ಹೃದಯದ ಮೂಲಕ ಶ್ವಾಸಕೋಶವನ್ನೂ, ಅಲ್ಲಿಂದ ಮೂಳೆ ಮೊದಲಾದ ಇತರ ಅಂಗಗಳನ್ನೂ ತಲುಪಬಹುದು.

(ಉ) ಉದರಪೊರೆಯ ಮೂಲಕ: ಹೊಟ್ಟೆಯ ಒಳಗೋಡೆಯನ್ನೂ ಅಂಗಗಳನ್ನೂ ಆವರಿಸಿರುವ ತೆಳುವಾದ ಪೊರೆಯೇ ಉದರಪೊರೆ. ಗೆಡ್ಡೆಯ ಹೊರಮೈಯಿಂದ ಉದುರಿದ ಜೀವಕೋಶಗಳು ಹೊಟ್ಟೆಯೊಳಗಿನ ದ್ರವದಲ್ಲಿ ತೇಲಿ, ಬಿತ್ತಿದ ಬೀಜಗಳಂತೆ ಈ ಪೊರೆಯ ಮೇಲೆ ಅಲ್ಲಲ್ಲಿ ನೆಲೆಸುತ್ತವೆ. ಈ ಕಣಗಳು ಬಹಳ ಚಿಕ್ಕವಾಗಿರುವಾಗ ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಕಾಣುವುದಿಲ್ಲ.

5. ದೂರದ ಅಂಗದಲ್ಲಿ ನೆಲೆಯೂರುವ ಕ್ರಮ

ಮೂಲ ಗೆಡ್ಡೆಯಿಂದ ಬೇರ್ಪಟ್ಟ ಜೀವಕೋಶಗಳು ಬೇರೊಂದು ಅಂಗದಲ್ಲಿ ಹೊಸ ಗೆಡ್ಡೆಯಾಗಿ ಬೆಳೆಯುವುದನ್ನು ವೈದ್ಯಕೀಯದಲ್ಲಿ ಮೆಟಾಸ್ಟಾಸಿಸ್ ಎಂದು ಕರೆಯಲಾಗುತ್ತದೆ. ರಕ್ತಕ್ಕೆ ಸೇರಿದ ಕ್ಯಾನ್ಸರ್ ಜೀವಕೋಶಗಳಲ್ಲಿ ಬಹುಪಾಲು ಅಲ್ಲಿಯೇ ನಾಶವಾಗುತ್ತವೆ. ಜೀವಕೋಶವು ತನ್ನ ನೆರೆಯ ಜೀವಕೋಶಗಳ ಬಂಧವನ್ನು ಕಳಚಿಕೊಂಡು ಚಲಿಸುವ ಶಕ್ತಿ ಪಡೆಯಬೇಕು, ರಕ್ತನಾಳವನ್ನು ಹೊಕ್ಕು ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಬೇಕು, ಮತ್ತೊಂದು ಅಂಗದಲ್ಲಿ ರಕ್ತನಾಳದಿಂದ ಹೊರಬಂದು ಅಲ್ಲಿ ಬದುಕಿ ಉಳಿಯಬೇಕು. ಕೆಲವು ಜೀವಕೋಶಗಳು ಹೊಸ ಸ್ಥಳದಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿದ್ದು ನಂತರ ಬೆಳೆಯತೊಡಗುತ್ತವೆ.

ಕ್ಯಾನ್ಸರ್ ಕೆಲವು ಅಂಗಗಳಿಗೇ ಹೆಚ್ಚಾಗಿ ಹರಡುವುದೇಕೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಅವರು 1889ರಲ್ಲಿ, ಸ್ತನ ಕ್ಯಾನ್ಸರ್‌ನಿಂದ ಮೃತಪಟ್ಟ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ ಉತ್ತರ ನೀಡಿದರು. ಬೀಜವು ಎಲ್ಲೆಡೆ ಬಿದ್ದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ವಿವರಣೆಯ ಸಾರ. ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ಅವರು 1928ರಲ್ಲಿ, ರಕ್ತ ಹರಿಯುವ ದಾರಿಯೇ ಇದನ್ನು ನಿರ್ಧರಿಸುತ್ತದೆ ಎಂದು ವಾದಿಸಿದರು. ಮೇದೋಜೀರಕದ ಕ್ಯಾನ್ಸರ್‌ನಲ್ಲಿ ಈ ಎರಡೂ ಅನ್ವಯಿಸುತ್ತವೆ. ರಕ್ತದ ದಾರಿಯು ಜೀವಕೋಶಗಳನ್ನು ಯಕೃತ್ತಿಗೆ ಒಯ್ಯುತ್ತದೆ. ಮೂಲ ಗೆಡ್ಡೆಯು ಬಿಡುಗಡೆ ಮಾಡುವ ಅತಿಸೂಕ್ಷ್ಮ ಕೋಶಿಕೆಗಳು ಮುಂಚಿತವಾಗಿಯೇ ಯಕೃತ್ತನ್ನು ತಲುಪಿ ಅಲ್ಲಿನ ಪರಿಸರವನ್ನು ಕ್ಯಾನ್ಸರ್‌ಗೆ ಅನುಕೂಲವಾಗುವಂತೆ ಬದಲಾಯಿಸುತ್ತವೆ ಎಂದು ಇಲಿಗಳ ಮೇಲೆ ನಡೆಸಿದ ಅಧ್ಯಯನವೊಂದು 2015ರಲ್ಲಿ ತೋರಿಸಿದೆ.

6. ಹರಡಿದ ರೋಗದ ಲಕ್ಷಣಗಳು

ಹರಡಿದ ರೋಗವು ಆರಂಭದಲ್ಲಿ ಯಾವುದೇ ತೊಂದರೆಯನ್ನು ನೀಡದಿರಬಹುದು. ನಂತರ ಕಂಡುಬರುವ ಲಕ್ಷಣಗಳು ಅಂಗವನ್ನು ಅನುಸರಿಸಿ ಈ ಕೆಳಗಿನಂತಿರುತ್ತವೆ.

• ಯಕೃತ್ತು: ಬಲಗಡೆ ಪಕ್ಕೆಲುಬುಗಳ ಕೆಳಗೆ ಭಾರ ಅಥವಾ ನೋವು, ಹಸಿವಿಲ್ಲದಿರುವಿಕೆ, ಕಾಮಾಲೆ.
• ಉದರಪೊರೆ: ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಜಲೋದರ, ಹೊಟ್ಟೆಯುಬ್ಬರ, ಕರುಳಿನ ಅಡಚಣೆ. ವಿರಳವಾಗಿ ಹೊಕ್ಕುಳಲ್ಲಿ ಗಟ್ಟಿಯಾದ ಗಂಟು.
• ಶ್ವಾಸಕೋಶ: ಒಣಕೆಮ್ಮು, ಏದುಸಿರು. ಅನೇಕ ವೇಳೆ ಸ್ಕ್ಯಾನ್‌ನಲ್ಲಿ ಮಾತ್ರ ಕಂಡುಬರುತ್ತದೆ.
• ಮೂಳೆ: ನಿರ್ದಿಷ್ಟ ಸ್ಥಳದಲ್ಲಿ ಬಿಡದೆ ಕಾಡುವ ನೋವು. ಇದು ಕಡಿಮೆ ರೋಗಿಗಳಲ್ಲಿ ಕಂಡುಬರುತ್ತದೆ.

ಇವುಗಳಲ್ಲದೆ, ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಾಗಿರುತ್ತದೆ. ಒಂದು ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯುವುದು, ಹಠಾತ್ತನೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುವುದು ತುರ್ತು ಚಿಕಿತ್ಸೆ ಅಗತ್ಯವಿರುವ ಲಕ್ಷಣಗಳು. ಫ್ರಾನ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ ಅವರು ಕ್ಯಾನ್ಸರ್‌ಗೂ ರಕ್ತ ಹೆಪ್ಪುಗಟ್ಟುವಿಕೆಗೂ ಇರುವ ಸಂಬಂಧವನ್ನು 1865ರಷ್ಟು ಹಿಂದೆಯೇ ವಿವರಿಸಿದ್ದರು.

7. ಮೂಲ ಅಂಗದ ಹೆಸರು ಬದಲಾಗುವುದಿಲ್ಲ

ಮೇದೋಜೀರಕದಿಂದ ಯಕೃತ್ತಿಗೆ ಹರಡಿದ ರೋಗವು ಯಕೃತ್ತಿನ ಕ್ಯಾನ್ಸರ್ ಅಲ್ಲ. ಯಕೃತ್ತಿನಲ್ಲಿ ಬೆಳೆಯುತ್ತಿರುವ ಆ ಗೆಡ್ಡೆಯ ಜೀವಕೋಶಗಳು ಮೇದೋಜೀರಕದ ಜೀವಕೋಶಗಳೇ ಆಗಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಮೂಲ ಗೆಡ್ಡೆಯ ಜೀವಕೋಶಗಳನ್ನೇ ಹೋಲುತ್ತವೆ ಮತ್ತು ಮೇದೋಜೀರಕದ ಕ್ಯಾನ್ಸರ್‌ಗೆ ನೀಡುವ ಔಷಧಿಗಳಿಗೇ ಸ್ಪಂದಿಸುತ್ತವೆ. ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರ್‌ನ ಕಾರಣಗಳು, ಔಷಧಿಗಳು ಮತ್ತು ಶಸ್ತ್ರಚಿಕಿತ್ಸಾ ಕ್ರಮಗಳು ಬೇರೆಯಾಗಿವೆ.

ಸ್ಕ್ಯಾನ್ ವರದಿಯಲ್ಲಿ ಯಕೃತ್ತಿನ ಮೇಲೆ ಮಚ್ಚೆಗಳಿವೆ ಎಂಬುದನ್ನು ಓದಿ, ರೋಗಿಗೆ ಲಿವರ್ ಕ್ಯಾನ್ಸರ್ ಇದೆ ಎಂದು ಕುಟುಂಬದವರು ಭಾವಿಸುವುದು ಸಹಜ. ಆದರೆ ಎರಡನೇ ಆಸ್ಪತ್ರೆಗೆ ಹೋದಾಗ ಅಥವಾ ಅರ್ಜಿ ನಮೂನೆಯನ್ನು ಭರ್ತಿ ಮಾಡುವಾಗ ಹಾಗೆಯೇ ತಿಳಿಸಿದಲ್ಲಿ, ದಾಖಲೆಗಳು ಪರಸ್ಪರ ತಾಳೆಯಾಗದೆ ಮರುಪರೀಕ್ಷೆ ಮತ್ತು ವಿಳಂಬಕ್ಕೆ ಕಾರಣವಾಗಬಹುದು. ವೇಗವಾಗಿ ಮುಂದುವರಿಯುವ ಈ ರೋಗದಲ್ಲಿ ಕೆಲವು ವಾರಗಳ ವಿಳಂಬವೂ ಗಂಭೀರ. ಆದುದರಿಂದ ರೋಗದ ಹೆಸರನ್ನು ಕೇಳಿದಲ್ಲಿ "ಯಕೃತ್ತಿಗೆ ಹರಡಿರುವ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್" ಎಂದು, ಮೂಲ ಅಂಗ ಮತ್ತು ಹರಡಿದ ಅಂಗ ಎರಡನ್ನೂ ತಿಳಿಸುವುದು ಸೂಕ್ತ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ಆರಂಭಿಸಿದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿಯೂ ಪ್ರತಿ ಪ್ರಕರಣವನ್ನು ರೋಗ ಹುಟ್ಟಿದ ಅಂಗದ ಹೆಸರಿನಲ್ಲಿಯೇ ಲೆಕ್ಕಹಾಕಲಾಗುತ್ತದೆ.

8. ರೋಗದ ಹಂತಗಳು

ರೋಗದ ವ್ಯಾಪ್ತಿಯನ್ನು ಮೂರು ಅಂಶಗಳಿಂದ ಅಳೆಯಲಾಗುತ್ತದೆ. ವರದಿಗಳಲ್ಲಿ ಕಂಡುಬರುವ "ಟಿ" ಎಂಬುದು ಗೆಡ್ಡೆಯ ಗಾತ್ರ ಹಾಗೂ ಅಪಧಮನಿಗಳೊಂದಿಗಿನ ಸಂಬಂಧವನ್ನು, "ಎನ್" ಎಂಬುದು ದುಗ್ಧಗ್ರಂಥಿಗಳಿಗೆ ಹರಡಿರುವುದನ್ನು, "ಎಂ" ಎಂಬುದು ದೂರದ ಅಂಗಗಳಿಗೆ ಹರಡಿರುವುದನ್ನು ಸೂಚಿಸುತ್ತವೆ. 2018ರಿಂದ ಬಳಕೆಗೆ ಬಂದ ಎಂಟನೇ ಆವೃತ್ತಿಯ ವರ್ಗೀಕರಣದಂತೆ ಹಂತಗಳು ಸ್ಥೂಲವಾಗಿ ಹೀಗಿವೆ.

• ಒಂದನೇ ಹಂತ: ಗೆಡ್ಡೆಯು 4 ಸೆಂ.ಮೀ.ಗಿಂತ ಹೆಚ್ಚಿಲ್ಲ. ದುಗ್ಧಗ್ರಂಥಿಗಳಿಗೆ ಹರಡಿಲ್ಲ.
• ಎರಡನೇ ಹಂತ: ಗೆಡ್ಡೆಯು 4 ಸೆಂ.ಮೀ.ಗಿಂತ ದೊಡ್ಡದಾಗಿದೆ, ಅಥವಾ ಗಾತ್ರ ಎಷ್ಟೇ ಇದ್ದರೂ 1ರಿಂದ 3 ದುಗ್ಧಗ್ರಂಥಿಗಳಿಗೆ ಹರಡಿದೆ.
• ಮೂರನೇ ಹಂತ: 4 ಅಥವಾ ಹೆಚ್ಚು ದುಗ್ಧಗ್ರಂಥಿಗಳಿಗೆ ಹರಡಿದೆ, ಅಥವಾ ಗೆಡ್ಡೆಯು ಪ್ರಮುಖ ಅಪಧಮನಿಗಳನ್ನು ಒಳಗೊಂಡಿದೆ.
• ನಾಲ್ಕನೇ ಹಂತ: ಯಕೃತ್ತು, ಉದರಪೊರೆ, ಶ್ವಾಸಕೋಶ ಮುಂತಾದ ದೂರದ ಭಾಗಗಳಿಗೆ ಹರಡಿದೆ.

ಚಿಕಿತ್ಸೆಯನ್ನು ನಿರ್ಧರಿಸುವಾಗ ವೈದ್ಯರು ರೋಗವನ್ನು ಮತ್ತೊಂದು ರೀತಿಯಲ್ಲಿಯೂ ವಿಂಗಡಿಸುತ್ತಾರೆ: ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದದ್ದು, ತೆಗೆಯುವುದು ಸಂದೇಹಾಸ್ಪದವಾದದ್ದು, ಸ್ಥಳೀಯವಾಗಿ ಮುಂದುವರಿದದ್ದು ಮತ್ತು ದೂರಕ್ಕೆ ಹರಡಿದ್ದು. ಪತ್ತೆಯಾದಾಗಲೇ ಶಸ್ತ್ರಚಿಕಿತ್ಸೆಗೆ ಅರ್ಹರಾಗಿರುವವರು ಒಟ್ಟು ರೋಗಿಗಳಲ್ಲಿ ಶೇ. 15ರಿಂದ 20ರಷ್ಟು ಮಾತ್ರ.

9. ಹರಡುವಿಕೆಯನ್ನು ಪತ್ತೆಹಚ್ಚುವ ಪರೀಕ್ಷೆಗಳು

ಸಾಮಾನ್ಯ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಜಠರ ಮತ್ತು ಕರುಳಿನ ಗಾಳಿಯು ಅಡ್ಡಬರುವುದರಿಂದ ಮೇದೋಜೀರಕವು ಸ್ಪಷ್ಟವಾಗಿ ಕಾಣದಿರಬಹುದು. ಆದುದರಿಂದ ವರದಿಯು ಸಾಮಾನ್ಯವಾಗಿದ್ದರೂ ತೊಂದರೆ ಮುಂದುವರಿದಲ್ಲಿ ವೈದ್ಯರನ್ನು ಮತ್ತೆ ಕಾಣತಕ್ಕದ್ದು. ರಕ್ತನಾಳಕ್ಕೆ ಔಷಧಿ ನೀಡಿ, ಮೇದೋಜೀರಕಕ್ಕೆಂದೇ ನಿಗದಿಪಡಿಸಿದ ಕ್ರಮದಲ್ಲಿ ಮಾಡುವ ಸಿ.ಟಿ. ಸ್ಕ್ಯಾನ್ ಇಲ್ಲಿ ಮುಖ್ಯವಾದ ಪರೀಕ್ಷೆಯಾಗಿದೆ. ಗೆಡ್ಡೆಯು ರಕ್ತನಾಳಗಳನ್ನು ಎಷ್ಟರ ಮಟ್ಟಿಗೆ ಸುತ್ತುವರಿದಿದೆ ಎಂಬುದು ಇದರಿಂದ ತಿಳಿಯುತ್ತದೆ. ಬಾಯಿಯ ಮೂಲಕ ನಳಿಕೆಯನ್ನು ಇಳಿಸಿ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಿಂದ ಚಿಕ್ಕ ಗೆಡ್ಡೆಗಳನ್ನು ಕಾಣಬಹುದು ಮತ್ತು ಬಯಾಪ್ಸಿಗಾಗಿ ತುಣುಕನ್ನು ತೆಗೆಯಬಹುದು.

ಉದರಪೊರೆಯ ಮೇಲಿನ ಸೂಕ್ಷ್ಮ ಕಣಗಳ ಸಂದೇಹವಿದ್ದಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಲ್ಯಾಪರೋಸ್ಕೋಪ್ ಮೂಲಕ ನೋಡಲಾಗುತ್ತದೆ. ಇದರಿಂದ ಕೆಲವು ರೋಗಿಗಳಿಗೆ ಪ್ರಯೋಜನವಾಗದ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಬಹುದು.

ಸಿ.ಎ. 19-9 ಎಂಬ ರಕ್ತಪರೀಕ್ಷೆಯು ರೋಗದ ಏರಿಳಿತವನ್ನು ಗಮನಿಸಲು ಉಪಯುಕ್ತ. ಆದರೆ ಕೇವಲ ಕಾಮಾಲೆಯಿಂದಲೂ ಇದರ ಪ್ರಮಾಣ ಏರಬಹುದು. ಶೇ. 5ರಿಂದ 10ರಷ್ಟು ಜನರ ಶರೀರದಲ್ಲಿ ಈ ಪದಾರ್ಥವು ಉತ್ಪತ್ತಿಯಾಗುವುದೇ ಇಲ್ಲ. ಆದುದರಿಂದ ಇದೊಂದನ್ನೇ ಆಧರಿಸಿ ಕ್ಯಾನ್ಸರ್ ಇದೆ ಅಥವಾ ಇಲ್ಲ ಎಂದು ನಿರ್ಧರಿಸಲಾಗುವುದಿಲ್ಲ.

10. ಹರಡುವಿಕೆಗೆ ಅನುಗುಣವಾಗಿ ಚಿಕಿತ್ಸೆ

ರೋಗವು ಗ್ರಂಥಿಗೆ ಸೀಮಿತವಾಗಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ತಲೆಯ ಭಾಗದ ಗೆಡ್ಡೆಗೆ ಗ್ರಂಥಿಯ ತಲೆ, ಡುಯೋಡಿನಂ, ಪಿತ್ತಕೋಶ ಮತ್ತು ಪಿತ್ತನಾಳದ ಭಾಗವನ್ನು ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ ಬಳಕೆಯಲ್ಲಿದೆ. ಇದನ್ನು 1935ರಲ್ಲಿ ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ ಅವರ ಹೆಸರಿನಿಂದ ಕರೆಯಲಾಗುತ್ತದೆ. ಕಣ್ಣಿಗೆ ಕಾಣದ ಜೀವಕೋಶಗಳು ಆ ವೇಳೆಗಾಗಲೇ ಬೇರೆಡೆ ಸೇರಿರಬಹುದಾದ್ದರಿಂದ ಶಸ್ತ್ರಚಿಕಿತ್ಸೆಯ ನಂತರವೂ ಕೀಮೋಥೆರಪಿ ನೀಡಲಾಗುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಪರಿಷ್ಕೃತ ಫೋಲ್ಫಿರಿನಾಕ್ಸ್ ಎಂಬ ಬಹು ಔಷಧಿ ಕ್ರಮವನ್ನು ಪಡೆದವರ ಮಧ್ಯಮ ಬದುಕಿನ ಅವಧಿ 54.4 ತಿಂಗಳು ಹಾಗೂ ಜೆಮ್ಸಿಟಾಬೈನ್ ಒಂದನ್ನೇ ಪಡೆದವರದು 35 ತಿಂಗಳು ಆಗಿತ್ತು. ಇಂತಹ ಚಿಕಿತ್ಸೆಯನ್ನು ತಡೆದುಕೊಳ್ಳುವ ದೇಹಶಕ್ತಿ ಇರುವ ರೋಗಿಗಳು ಈ ಅಧ್ಯಯನದಲ್ಲಿದ್ದರು ಎಂಬುದನ್ನು ಗಮನಿಸತಕ್ಕದ್ದು.

ಗೆಡ್ಡೆಯು ರಕ್ತನಾಳಗಳಿಗೆ ಅಂಟಿಕೊಂಡಿದ್ದಲ್ಲಿ ಮೊದಲು ಕೀಮೋಥೆರಪಿಯನ್ನು, ಅಗತ್ಯವಿದ್ದಲ್ಲಿ ವಿಕಿರಣ ಚಿಕಿತ್ಸೆಯನ್ನು ನೀಡಿ, ನಂತರ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಮರುಪರಿಶೀಲಿಸಲಾಗುತ್ತದೆ.

ದೂರದ ಅಂಗಗಳಿಗೆ ಹರಡಿದಲ್ಲಿ ಮೂಲ ಗೆಡ್ಡೆಯನ್ನು ತೆಗೆಯುವುದರಿಂದ ಸಾಮಾನ್ಯವಾಗಿ ಪ್ರಯೋಜನವಾಗುವುದಿಲ್ಲ. ಇಡೀ ಶರೀರವನ್ನು ತಲುಪುವ ಔಷಧಿಗಳೇ ಆಗ ಮುಖ್ಯ. 2011ರ ಅಧ್ಯಯನವೊಂದರಲ್ಲಿ ಹರಡಿದ ರೋಗವಿದ್ದವರ ಮಧ್ಯಮ ಬದುಕಿನ ಅವಧಿಯು ಫೋಲ್ಫಿರಿನಾಕ್ಸ್ ಕ್ರಮದಿಂದ 11.1 ತಿಂಗಳಿಗೆ ಏರಿತು. ಜೆಮ್ಸಿಟಾಬೈನ್ ಒಂದನ್ನೇ ಪಡೆದವರಲ್ಲಿ ಇದು 6.8 ತಿಂಗಳು ಆಗಿತ್ತು. ಈ ರೋಗದ ಗೆಡ್ಡೆಯ ಬಹುಭಾಗವು ಕ್ಯಾನ್ಸರ್ ಜೀವಕೋಶಗಳಿಂದಲ್ಲದೆ ಅವುಗಳನ್ನು ಸುತ್ತುವರಿದ ಗಟ್ಟಿಯಾದ ನಾರಿನ ಅಂಗಾಂಶದಿಂದ ಕೂಡಿರುವುದು ಔಷಧಿಗಳು ಒಳತಲುಪಲು ಅಡ್ಡಿಯಾಗುವ ಕಾರಣಗಳಲ್ಲೊಂದು.

ಯಾವುದೇ ಹಂತದಲ್ಲಿ ಉಪಶಮನ ಚಿಕಿತ್ಸೆಯು ರೋಗಿಯ ಹಕ್ಕಿನ ಭಾಗವೆಂದು ಭಾವಿಸತಕ್ಕದ್ದು. ಕಾಮಾಲೆಗೆ ಪಿತ್ತನಾಳದಲ್ಲಿ ಸ್ಟೆಂಟ್ ಅಳವಡಿಸುವುದು, ಜೀರ್ಣಶಕ್ತಿಗೆ ಆಹಾರದೊಂದಿಗೆ ಕಿಣ್ವದ ಮಾತ್ರೆಗಳನ್ನು ನೀಡುವುದು, ನೋವಿಗೆ ಮಾರ್ಫಿನ್ ನೀಡುವುದು ಅಥವಾ ಬೆನ್ನಿನ ಬಳಿಯ ನರಬಲೆಗೆ ಔಷಧಿ ಚುಚ್ಚುವುದು ಇದರಲ್ಲಿ ಸೇರಿವೆ. ವೈದ್ಯಕೀಯ ಉಪಯೋಗಕ್ಕಾಗಿ ಮಾರ್ಫಿನ್ ದೊರೆಯುವುದನ್ನು ಸುಲಭಗೊಳಿಸಲು ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತರಲಾಗಿದೆ.

11. ತಪ್ಪು ತಿಳುವಳಿಕೆಗಳು

• "ಸೂಜಿ ಚುಚ್ಚಿ ತುಣುಕು ತೆಗೆದರೆ ರೋಗ ಹರಡುತ್ತದೆ." ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ಮಾಡುವ ಬಯಾಪ್ಸಿಯಿಂದ ಹೀಗಾಗುವ ಸಂಭವ ಅತ್ಯಲ್ಪ. ಬಯಾಪ್ಸಿ ಇಲ್ಲದೆ ಕೀಮೋಥೆರಪಿ ಆರಂಭಿಸಲಾಗದು. ಆದುದರಿಂದ ಈ ಭಯದಿಂದ ಪರೀಕ್ಷೆಯನ್ನು ಮುಂದೂಡಬಾರದು.

• "ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆದಿದ್ದರಿಂದಲೇ ರೋಗ ಹರಡಿತು." ಹೊಟ್ಟೆಯನ್ನು ತೆರೆದು, ಗೆಡ್ಡೆಯನ್ನು ತೆಗೆಯದೆ ಮುಚ್ಚಿದ ಪ್ರಕರಣಗಳಲ್ಲಿ ರೋಗವು ಮೊದಲೇ ಹರಡಿತ್ತು ಎಂಬುದು ಆಗ ತಿಳಿದುಬಂದಿರುತ್ತದೆ.

• "ಇದು ಜೊತೆಯಲ್ಲಿರುವವರಿಗೆ ಅಂಟುತ್ತದೆ." ಕ್ಯಾನ್ಸರ್ ರೋಗಿಯ ಶರೀರದೊಳಗೆ ಹರಡುತ್ತದೆಯೇ ಹೊರತು, ಸ್ಪರ್ಶ, ಆಹಾರ ಅಥವಾ ಉಸಿರಿನಿಂದ ಮತ್ತೊಬ್ಬರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಇಡುವ ಅವಶ್ಯಕತೆಯಿಲ್ಲ.

• "ಕಾಮಾಲೆಗೆ ನಾಟಿ ಮದ್ದು ಸಾಕು." ನೋವಿಲ್ಲದ ಕಾಮಾಲೆಯು ಪಿತ್ತನಾಳದ ಅಡಚಣೆಯಿಂದ ಉಂಟಾಗಿರಬಹುದು. ತಲೆಯ ಭಾಗದ ಚಿಕ್ಕ ಗೆಡ್ಡೆಯನ್ನು ಇನ್ನೂ ತೆಗೆಯಬಹುದಾದ ಕಾಲದಲ್ಲಿಯೇ ಹೊರಗೆಡಹುವ ಲಕ್ಷಣವೂ ಇದೇ ಆಗಿರುವುದರಿಂದ, ಮದ್ದು ಕಟ್ಟಿಸುತ್ತಾ ಕಾಯುವುದರಿಂದ ಆ ಅವಕಾಶ ಕೈತಪ್ಪಬಹುದು.

12. ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

(1) ಕಣ್ಣು ಹಾಗೂ ಚರ್ಮ ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮಲ ಬಿಳಿಚಿಕೊಳ್ಳುವುದು, ಮೈಯೆಲ್ಲಾ ತುರಿಕೆ.
(2) ಕಾರಣವಿಲ್ಲದೆ ತೂಕ ಇಳಿಯುವುದು.
(3) ಮೇಲುಹೊಟ್ಟೆಯಿಂದ ಬೆನ್ನಿಗೆ ಹಾಯುವ, ವಾರಗಟ್ಟಲೆ ಮುಂದುವರಿಯುವ ನೋವು.
(4) 50 ವರ್ಷದ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಅದರೊಂದಿಗೆ ತೂಕವೂ ಇಳಿಯುವುದು. ಈ ವಯಸ್ಸಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಸುಮಾರು 100ಕ್ಕೆ ಒಬ್ಬರಲ್ಲಿ ಮೂರು ವರ್ಷಗಳೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ಉಳಿದವರು ಗಾಬರಿಯಾಗುವ ಕಾರಣವಿಲ್ಲ.

ಧೂಮಪಾನ ಮಾಡುವವರು, ದೀರ್ಘಕಾಲಿಕ ಮೇದೋಜೀರಕದ ಉರಿಯೂತವಿರುವವರು ಮತ್ತು ಕುಟುಂಬದಲ್ಲಿ ಈ ರೋಗವಿದ್ದವರು ಹೆಚ್ಚಿನ ಎಚ್ಚರ ವಹಿಸತಕ್ಕದ್ದು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಯುವವಯಸ್ಸಿನಲ್ಲಿಯೇ ಮೇದೋಜೀರಕದಲ್ಲಿ ಕಲ್ಲುಗಳು ಉಂಟಾಗುವ ಉರಿಯೂತವು ಬಹಳ ಹಿಂದಿನಿಂದಲೂ ಗುರುತಿಸಲ್ಪಟ್ಟಿದ್ದು, ಇಂತಹವರಲ್ಲಿ ಕ್ಯಾನ್ಸರ್‌ನ ಸಂಭವ ಹೆಚ್ಚು.

13. ಚಿಕಿತ್ಸಾ ನೆರವು ಕೋರುವವರ ಗಮನಕ್ಕೆ

ಕರ್ನಾಟಕದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ, ನಿಗದಿತ ಚಿಕಿತ್ಸೆಗಳಿಗೆ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಹಾಗೂ ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ವಾರ್ಷಿಕ ರೂ. 1.5 ಲಕ್ಷದವರೆಗೆ ನೆರವನ್ನು ನಿಗದಿಪಡಿಸಲಾಯಿತು. ಅರ್ಹತೆ ಮತ್ತು ಮೊತ್ತವು ಆಯಾ ಕಾಲದ ಸರ್ಕಾರಿ ಆದೇಶಗಳಿಗೆ ಒಳಪಟ್ಟಿರುವುದರಿಂದ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಾಗಿದೆ.

ಆಸ್ಪತ್ರೆಗೆ ಅಥವಾ ಕಚೇರಿಗೆ ಹೋಗುವಾಗ ಈ ಕೆಳಗಿನವುಗಳನ್ನು ಒಂದೇ ಕಡತದಲ್ಲಿ ಕ್ರಮವಾಗಿ ಇಟ್ಟುಕೊಳ್ಳುವುದು ಅನುಕೂಲಕರ.

(1) ಬಯಾಪ್ಸಿ ವರದಿ. ಅದರಲ್ಲಿ ರೋಗ ಹುಟ್ಟಿದ ಅಂಗದ ಹೆಸರು ನಮೂದಾಗಿರುವುದನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳುವುದು.
(2) ಸಿ.ಟಿ. ಸ್ಕ್ಯಾನ್‌ನ ಲಿಖಿತ ವರದಿ ಮಾತ್ರವಲ್ಲದೆ, ಅದರ ಫಿಲಂ ಅಥವಾ ಸಿ.ಡಿ. ಶಸ್ತ್ರವೈದ್ಯರು ರಕ್ತನಾಳಗಳ ಸ್ಥಿತಿಯನ್ನು ಚಿತ್ರಗಳಲ್ಲಿಯೇ ನೋಡಬೇಕಾಗುತ್ತದೆ.
(3) ವೈದ್ಯರು ರೋಗದ ಹಂತವನ್ನು ನಮೂದಿಸಿರುವ ಟಿಪ್ಪಣಿ.
(4) ಹಿಂದಿನ ಆಸ್ಪತ್ರೆಯ ಬಿಡುಗಡೆ ಸಾರಾಂಶ. ಸ್ಟೆಂಟ್ ಅಳವಡಿಸಿದ್ದಲ್ಲಿ ಅದರ ದಿನಾಂಕ.
(5) ಪಡಿತರ ಚೀಟಿ ಹಾಗೂ ಆಧಾರ್ ಚೀಟಿ.

ರೋಗವು ಹರಡಿದೆ ಎಂದು ತಿಳಿದಾಗ ಕುಟುಂಬದವರು ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳತಕ್ಕದ್ದು: ರೋಗವು ಎಲ್ಲಿ ಹುಟ್ಟಿದೆ, ಈಗ ಎಲ್ಲಿಯವರೆಗೆ ತಲುಪಿದೆ, ನೀಡಲಿರುವ ಚಿಕಿತ್ಸೆಯ ಉದ್ದೇಶವು ಗುಣಪಡಿಸುವುದೇ ಅಥವಾ ಆಯುಸ್ಸನ್ನು ಹೆಚ್ಚಿಸಿ ನೋವನ್ನು ತಗ್ಗಿಸುವುದೇ. ಈ ಮೂರರ ಉತ್ತರ ತಿಳಿದಿದ್ದಲ್ಲಿ ಎಲ್ಲಿ ಚಿಕಿತ್ಸೆ ಪಡೆಯಬೇಕು, ಎಷ್ಟು ಖರ್ಚು ಮಾಡಬೇಕು, ರೋಗಿಯ ಇಚ್ಛೆಯಂತೆ ಉಳಿದ ದಿನಗಳನ್ನು ಹೇಗೆ ನಡೆಸಬೇಕು ಎಂಬುದನ್ನು ಕುಟುಂಬವು ಸಕಾಲದಲ್ಲಿ ತೀರ್ಮಾನಿಸಬಹುದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ರೋಗನಿರ್ಣಯ ಮತ್ತು ಚಿಕಿತ್ಸೆಗಾಗಿ ನೋಂದಾಯಿತ ವೈದ್ಯರನ್ನೇ ಸಂಪರ್ಕಿಸತಕ್ಕದ್ದು.